ಡೇರೆ ಗೆಡ್ಡೆಯ ದೂರ ಪ್ರಯಾಣ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಯಂಗಳಗಳಲ್ಲಿ ಮಳೆಗಾಲದಲ್ಲಿ ಅರಳುವ ಡೇರೆ ಹೂವನ್ನು ನೀವು ನೋಡಿರಬಹುದು. ಮಲೆನಾಡಿನದೇ ಎನ್ನಿಸುವ ಈ ಹೂವಿನ ತವರು ದೂರದ ಮೆಕ್ಸಿಕೋ ಎಂದರೆ ನಿಮಗೆ ಅಚ್ಚರಿಯಾದೀತು.

1789ರಲ್ಲಿ ಮೆಕ್ಸಿಕೋ ನಗರದ ಸಸ್ಯೋದ್ಯಾನದಿಂದ ವಿಸೆಂತೆ ಸೆರ್ವಾಂತೆಸ್ ಈ ಸಸ್ಯವನ್ನು ಸ್ಪೇನಿನ ಮ್ಯಾಡ್ರಿಡ್‌ಗೆ ಕಳುಹಿಸಿದರು. ಅಲ್ಲಿನ ಸಸ್ಯವಿಜ್ಞಾನಿ ಕವನಿಲ್ಲೆಸ್ 1791ರಲ್ಲಿ, ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ನೆನಪಿಗೆ ಇದಕ್ಕೆ ಹೆಸರಿಟ್ಟರು. ಅದೇ ಡೇಲಿಯಾ, ನಮ್ಮ ಬಾಯಲ್ಲಿ ಡೇರೆ.

ಯುರೋಪಿನಲ್ಲಿ ಶರತ್ಕಾಲದ ಕೊನೆಗೆ ಹಿಮದ ಭಯದಿಂದ ಗೆಡ್ಡೆಯನ್ನು ಅಗೆದು ಒಳಗಿಡುತ್ತಾರೆ. ನಮ್ಮಲ್ಲಿ ಆ ಭಯವಿಲ್ಲ. ಮೆಕ್ಸಿಕೋದ ಎತ್ತರದ ನಾಡಿನಂತೆ ಇಲ್ಲಿಯೂ ಜೂನ್‌ನಿಂದ ಮಳೆ, ಅನಂತರ ಒಣ ಹವೆ. ಕಾರ್ತಿಕ ಕಳೆಯುವ ಹೊತ್ತಿಗೆ ಗಿಡ ಬಾಡಿ, ಗೆಡ್ಡೆ ವಿಶ್ರಮಿಸುತ್ತದೆ. ಅದನ್ನು ಕೊಳೆಯದಂತೆ ಕಾಪಾಡಿ, ಮುಂಗಾರಿಗೆ ನೆಡಬೇಕು.

ಬೀಜದಿಂದ ಬಂದ ಗಿಡ ತಾಯಿಗಿಡದ ಬಣ್ಣವನ್ನೇ ಕೊಡುತ್ತದೆಂಬ ಭರವಸೆಯಿಲ್ಲ; ಗೆಡ್ಡೆ ಕೊಡುತ್ತದೆ. ಆದರೆ ಆಲೂಗಡ್ಡೆಯಂತೆ ಇದರ ಮೈಮೇಲೆಲ್ಲ ಕಣ್ಣುಗಳಿಲ್ಲ. ಕಾಂಡಕ್ಕೆ ಅಂಟಿದ ಬುಡದಲ್ಲಷ್ಟೇ ಚಿಗುರು ಮೂಡುತ್ತದೆ. ಆದ್ದರಿಂದಲೇ ಗೆಡ್ಡೆ ಹಂಚುವಾಗ ಬುಡದ ಚೂರನ್ನೂ ಸೇರಿಸಿ ಸೀಳಬೇಕು.

ಅಜ್ಜಿ ತವರಿನಿಂದ ತಂದ ಗೆಡ್ಡೆಯ ಸಂತತಿ ಇಂದೂ ಅರಳುತ್ತಿದ್ದರೆ, ಅದು ಅಂದಿನ ಗಿಡವೇ. ಒಂದು ವರ್ಷ ಕೊಳೆತರೆ ಆ ಬಣ್ಣವೇ ಮನೆಯಿಂದ ಮರೆಯಾಗಬಹುದು.

ಕಡಲು ದಾಟಿದ ದಾರಿ ಗ್ರಂಥಗಳಲ್ಲಿದೆ. ಅಂಗಳದಿಂದ ಅಂಗಳಕ್ಕೆ ಬಂದ ದಾರಿ ಹಿರಿಯ ಹೆಂಗಸರ ನೆನಪಿನಲ್ಲಿದೆ. ಯಾವ ಬಣ್ಣ, ಯಾರ ಮನೆಯಿಂದ, ಯಾವ ವರ್ಷ? ಕೇಳಿ ಬರೆದಿಡಿ, ಇತಿಹಾಸ ರಚನೆ ಹೀಗೂ ಆರಂಭವಾಗುತ್ತದೆ.