ಮಕ್ಕಳು ಮತ್ತು ಫಾಸ್ಟ್ ಫುಡ್ ಜಾಹೀರಾತು: ಲಂಡನ್ನಿನ ಹೌನ್ಸ್ಲೋ

ಹೌನ್ಸ್ಲೋ ಲಂಡನ್ ಮಹಾನಗರದ ಪಶ್ಚಿಮ ಅಂಚಿನ ಬರೋ, ಹೀಥ್ರೂ ವಿಮಾನ ನಿಲ್ದಾಣದ ನೆರೆಯದು. 1965ರಲ್ಲಿ ರೂಪುಗೊಂಡ ಈ ಆಡಳಿತ ಘಟಕದಲ್ಲಿ ಹೌನ್ಸ್ಲೋ ಪಟ್ಟಣದ ಜೊತೆಗೆ ಫೆಲ್ತಮ್, ಐಸಲ್‌ವರ್ತ್, ಬ್ರೆಂಟ್‌ಫರ್ಡ್, ಚಿಸ್ವಿಕ್‌ಗಳೂ ಸೇರಿವೆ. ಪಂಜಾಬಿಗಳು ಬಹಳ ಹಿಂದೆಯೇ ನೆಲೆಯೂರಿದ ಊರು; ಐಟಿ ಕೆಲಸ ಹಿಡಿದು ಆಮೇಲೆ ಬಂದ ದಕ್ಷಿಣ ಭಾರತೀಯರಲ್ಲಿ ಕನ್ನಡದ ಮನೆಗಳೂ ಇವೆ. ಬರ್ಗರ್, ಚಿಕನ್, ತಂಪು ಪಾನೀಯದ ಕಂಪನಿಗಳು ಮಕ್ಕಳನ್ನು ಒಲಿಸಿಕೊಳ್ಳುವ ಬಗೆಯನ್ನೂ ಅದಕ್ಕೆ ಸರ್ಕಾರ ಕಟ್ಟುತ್ತ ಬಂದಿರುವ ಬೇಲಿಯನ್ನೂ ಒಟ್ಟಿಗೆ ನೋಡಲು ಇದಕ್ಕಿಂತ ಅನುಕೂಲದ ಜಾಗ ಬ್ರಿಟನ್ನಿನಲ್ಲಿ ಸುಲಭಕ್ಕೆ ಸಿಗದು. ಜಾಹೀರಾತು ಹೊತ್ತ ಹೆದ್ದಾರಿ, ಅದನ್ನು ಬಿತ್ತರಿಸುವ ಟಿವಿ ಕಂಪನಿಯ ಮುಖ್ಯ ಕಚೇರಿ, ಅದನ್ನು ಹೊರಗಿಟ್ಟ ಕೆಂಪು ಬಸ್ಸು, ಮೂರೂ ಇಲ್ಲಿ ಕೆಲವೇ ಮೈಲಿಗಳೊಳಗಿವೆ.

ಬ್ರೆಂಟ್‌ಫರ್ಡ್‌ನ ಗ್ರೇಟ್ ವೆಸ್ಟ್ ರೋಡಿನಲ್ಲಿ 1920–30ರ ದಶಕಗಳಲ್ಲಿ ಎದ್ದ ಕಾರ್ಖಾನೆಗಳ ಸಾಲಿಗೆ ‘ಗೋಲ್ಡನ್ ಮೈಲ್’ ಎಂದು ಹೆಸರು. ಅಲ್ಲಿನ ಲೂಕೊಜೇಡ್ ಕಟ್ಟಡದ ಗೋಡೆಯಲ್ಲಿ ನಿಯಾನ್ ದೀಪದ ಬಾಟಲಿಯೊಂದು ಲೋಟಕ್ಕೆ ಪಾನೀಯ ಸುರಿಯುತ್ತಲೇ ಇತ್ತು. ಎಂ4 ಮೇಲ್ಸೇತುವೆಯಲ್ಲಿ ಲಂಡನ್ನಿಗೆ ಬರುವ ಕಾರುಗಳ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳಿಗೆ ಊರು ಬಂತೆಂಬ ಗುರುತೇ ಅದು. 1927ರಲ್ಲಿ ನ್ಯೂಕಾಸಲ್‌ನ ಔಷಧ ವ್ಯಾಪಾರಿ ವಿಲಿಯಂ ಓವನ್ ಕಾಯಿಲೆ ಬಿದ್ದವರಿಗೆಂದು ಮಾಡಿದ ಗ್ಲೂಕೋಸ್ ನೀರು ಲೂಕೊಜೇಡ್. ಫಲಕದಲ್ಲಿದ್ದ ಮಾತೂ ಮೊದಲು ಚೇತರಿಕೆಯದ್ದೇ. 1980ರ ದಶಕದಲ್ಲಿ ಮಾತು ಬದಲಾಯಿತು: ಕಳೆದುಹೋದ ಶಕ್ತಿಯನ್ನು ಈ ಪಾನೀಯ ತುಂಬಿಕೊಡುತ್ತದೆ. ಒಲಿಂಪಿಕ್ ಡೆಕಥ್ಲಾನ್ ವೀರ ಡೇಲಿ ಥಾಮ್ಸನ್ ಜಾಹೀರಾತಿಗೆ ಬಂದರು, 1999ರ ಹೊತ್ತಿಗೆ ವಿಡಿಯೊ ಗೇಮ್ ನಾಯಕಿ ಲಾರಾ ಕ್ರಾಫ್ಟ್ ಬಂದಳು. ಜ್ವರ ಬಂದ ಮಗುವಿನ ತಾಯಿ ಔಷಧ ಅಂಗಡಿಯಲ್ಲಿ ಕೊಳ್ಳುತ್ತಿದ್ದ ಬಾಟಲಿಯನ್ನು ಈಗ ಓಡಬೇಕೆನ್ನುವ, ಗೆಲ್ಲಬೇಕೆನ್ನುವ ಹುಡುಗನೇ ಕೇಳತೊಡಗಿದ. ಫಲಕದ ಮೂಲ ಪ್ರತಿ ಈಗ ಗನ್ನರ್ಸ್‌ಬರಿ ಪಾರ್ಕಿನ ಮ್ಯೂಸಿಯಂ ಸೇರಿದೆ.

ಮಕ್ಕಳ ಜಾಹೀರಾತಿನ ಗುಟ್ಟೂ ಇಲ್ಲಿಯೇ ಇದೆ. ಅದು ರುಚಿಯ ಮಾತಾಡುವುದು ಕಡಿಮೆ. ತಿನಿಸಿನ ಪಕ್ಕದಲ್ಲಿ ಮಗುವಿಗೆ ಬೇಕಾದ ಇನ್ನೊಂದನ್ನು ಇಡುತ್ತದೆ: ಆಟಿಕೆ, ಗೆಳೆಯ, ಆಟಗಾರ, ಗುಂಪಿನಲ್ಲೊಬ್ಬನಾಗುವ ಸುಖ.

1979ರಲ್ಲಿ ಅಮೆರಿಕದಾದ್ಯಂತ ಬಂದ ಮೆಕ್‌ಡೊನಾಲ್ಡ್ಸ್‌ನ ಹ್ಯಾಪಿ ಮೀಲ್ ಇದಕ್ಕೆ ಮಾದರಿ. ಮೊದಲ ಡಬ್ಬಿಗಳ ಮೇಲಿದ್ದದ್ದು ಸರ್ಕಸ್ ಬಂಡಿಯ ಚಿತ್ರ. ಹಿಡಿಕೆಯಿರುವ ಪುಟ್ಟ ರಟ್ಟಿನ ಡಬ್ಬಿ, ಒಳಗೆ ಬರ್ಗರಿನ ಜೊತೆ ಒಂದು ಆಟಿಕೆ. ಆಟಿಕೆ ಒಂದು ಸರಣಿಯ ಭಾಗ. ಸರಣಿ ಪೂರ್ತಿಯಾಗಬೇಕಾದರೆ ಮತ್ತೆ ಮತ್ತೆ ಬರಲೇಬೇಕು. ಸಿನಿಮಾ ಬಿಡುಗಡೆಯ ವಾರಗಳಲ್ಲಿ ಅದರ ಪಾತ್ರಗಳೇ ಡಬ್ಬಿಗಿಳಿಯುತ್ತವೆ, ಹಾಗಾಗಿ ಸಿನಿಮಾದ ಪ್ರಚಾರವೂ ಬರ್ಗರಿನದ್ದಾಗುತ್ತದೆ. 2019ರ ಜನವರಿಯಲ್ಲಿ ಬ್ರಿಟನ್ನಿನ ಹ್ಯಾಪಿ ಮೀಲ್‌ಗೆ ಸಸ್ಯಾಹಾರಿ ರ‍್ಯಾಪ್ ಸೇರಿತು. ‘ನಾವು ಮಾಂಸ ತಿನ್ನುವುದಿಲ್ಲ ಕಂದಾ’ ಎಂದು ಅಂಗಡಿಯ ಬಾಗಿಲು ದಾಟಿಸಿಕೊಂಡು ಹೋಗುತ್ತಿದ್ದ ತಾಯಂದಿರ ಕೈಯಿಂದ ಆ ನೆಪವೂ ಜಾರಿತು. ಅದೇ ವರ್ಷ ಬರ್ಗರ್ ಕಿಂಗ್ ಬ್ರಿಟನ್ನಿನಲ್ಲಿ ಮಕ್ಕಳ ಊಟದ ಪ್ಲಾಸ್ಟಿಕ್ ಆಟಿಕೆಯನ್ನು ಕೈಬಿಟ್ಟಿತು. ಮೆಕ್‌ಡೊನಾಲ್ಡ್ಸ್ ಗಟ್ಟಿ ಪ್ಲಾಸ್ಟಿಕ್ಕಿನ ಬದಲು ಕಾಗದದ, ಮೆದು ಬಟ್ಟೆಯ ಆಟಿಕೆ ಮತ್ತು ಪುಸ್ತಕಕ್ಕೆ ಹೊರಳಿತು. ಈ ಬದಲಾವಣೆಗೆ ಒತ್ತಡ ಹುಟ್ಟಿದ್ದು ಪರಿಸರದ ಕಾಳಜಿಯಿಂದ, ಪೌಷ್ಟಿಕತೆಯ ಕಾಳಜಿಯಿಂದಲ್ಲ. ಕಸ ಕಡಿಮೆಯಾಯಿತು, ಸೆಳೆತ ಹಾಗೇ ಉಳಿಯಿತು.

ಡಬ್ಬಿಯ ಮೇಲಿನ ಗುರುತಿಗೆ ಎಷ್ಟು ಬಲವಿದೆ ಎಂಬುದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಥಾಮಸ್ ರಾಬಿನ್ಸನ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಮೂರರಿಂದ ಐದು ವರ್ಷದ 63 ಮಕ್ಕಳಿಗೆ ಒಂದೇ ತಿನಿಸನ್ನು ಎರಡು ಪೊಟ್ಟಣಗಳಲ್ಲಿ ಕೊಡಲಾಯಿತು. ಒಂದು ಬರಿಯ ಕಾಗದ, ಇನ್ನೊಂದು ಮೆಕ್‌ಡೊನಾಲ್ಡ್ಸ್ ಗುರುತಿನದು. ಗುರುತಿನ ಪೊಟ್ಟಣದ್ದೇ ರುಚಿ ಎಂದ ಮಕ್ಕಳು ಹೆಚ್ಚು. ಕ್ಯಾರೆಟ್ಟಿನ ವಿಷಯದಲ್ಲೂ ಹಾಗೇ ಆಯಿತು. ಬ್ರಿಟನ್ನಿನ ಉದಾಹರಣೆ ಮಾಜಿ ಫುಟ್‌ಬಾಲ್ ಆಟಗಾರ ಗ್ಯಾರಿ ಲಿನೆಕರ್ ಅವರದು. 1995ರಲ್ಲಿ ಅವರು ವಾಕರ್ಸ್ ಚಿಪ್ಸ್‌ನ ಮುಖವಾದರು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಎಮ್ಮಾ ಬಾಯ್ಲೆಂಡ್ ತಂಡ 2013ರಲ್ಲಿ ಕಂಡುಕೊಂಡ ಪ್ರಕಾರ, ಆ ಜಾಹೀರಾತು ನೋಡಿದ ಎಂಟರಿಂದ ಹನ್ನೊಂದು ವರ್ಷದ ಮಕ್ಕಳು ವಾಕರ್ಸ್ ಎಂದು ಹೆಸರಿಟ್ಟ ಚಿಪ್ಸನ್ನು ಹೆಚ್ಚು ತಿಂದರು. ಜಾಹೀರಾತೇ ಇಲ್ಲದೆ, ಲಿನೆಕರ್ ಆಗ ನಡೆಸಿಕೊಡುತ್ತಿದ್ದ ಫುಟ್‌ಬಾಲ್ ಕಾರ್ಯಕ್ರಮದ ತುಣುಕನ್ನಷ್ಟೇ ನೋಡಿದ ಮಕ್ಕಳೂ ಹೆಚ್ಚು ತಿಂದರು.

ಕೊಡಿಸುವವರೆಗೆ ಬಿಡದೆ ರಚ್ಚೆ ಹಿಡಿಯುವ ಮಕ್ಕಳ ಶಕ್ತಿಯನ್ನೇ ಲೆಕ್ಕವಿಟ್ಟು ಬಳಸುವುದು ಮತ್ತೊಂದು ದಾರಿ. ಇದು ಲಂಡನ್ನಿನ ನ್ಯಾಯಾಲಯದ ದಾಖಲೆಯಲ್ಲೇ ಇದೆ. ಕರಪತ್ರ ಹಂಚಿದರೆಂದು ಹೆಲೆನ್ ಸ್ಟೀಲ್ ಮತ್ತು ಡೇವ್ ಮಾರಿಸ್ ಎಂಬ ಇಬ್ಬರು ಕಾರ್ಯಕರ್ತರ ಮೇಲೆ ಮೆಕ್‌ಡೊನಾಲ್ಡ್ಸ್ ಮಾನನಷ್ಟ ಮೊಕದ್ದಮೆ ಹೂಡಿತ್ತು. 1997ರ ಜೂನ್ 19ರ ತೀರ್ಪಿನಲ್ಲಿ ನ್ಯಾಯಮೂರ್ತಿ ರಾಜರ್ ಬೆಲ್ ಹಲವು ಆರೋಪಗಳ ವಿಷಯದಲ್ಲಿ ಕಂಪನಿಯ ಪರ ನಿಂತರು, ಕೆಲವದರಲ್ಲಿ ನಿಲ್ಲಲಿಲ್ಲ. ಅವುಗಳಲ್ಲೊಂದು ಇದು: ಜಾಹೀರಾತಿಗೆ ಬೇಗ ಸೋಲುವ ಮಕ್ಕಳನ್ನು ಬಳಸಿ ತಂದೆತಾಯಿಯ ಮೇಲೆ ಒತ್ತಡ ತರಿಸುವ ಮೂಲಕ ಕಂಪನಿ ಮಕ್ಕಳನ್ನು ಶೋಷಿಸುತ್ತಿದೆ ಎಂಬ ಮಾತು ನಿಜವೆಂದರು.

ಸರ್ಕಾರದ ಕ್ರಮಗಳಿಗೆ ಅಡಿಪಾಯ ಬಿದ್ದದ್ದು 2003ರಲ್ಲಿ. ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯದ ಜೆರಾರ್ಡ್ ಹೇಸ್ಟಿಂಗ್ಸ್ ತಂಡ ಆಹಾರ ಗುಣಮಟ್ಟ ಸಂಸ್ಥೆಗೆ ಕೊಟ್ಟ ವರದಿ, ಪ್ರಚಾರವು ಮಕ್ಕಳ ಆಯ್ಕೆಯ ಮೇಲೆ ಪ್ರಭಾವ ಬೀರುತ್ತದೆಂದು ಹೇಳಿತು. ಯಾವುದು ಕೆಟ್ಟ ತಿನಿಸು ಎಂದು ತೀರ್ಮಾನಿಸಲು ಆ ಸಂಸ್ಥೆ ಅಂಕಪದ್ಧತಿಯೊಂದನ್ನು ಮಾಡಿತು: 100 ಗ್ರಾಮಿನಲ್ಲಿರುವ ಶಕ್ತಿ, ಸ್ಯಾಚುರೇಟೆಡ್ ಕೊಬ್ಬು, ಸಕ್ಕರೆ, ಸೋಡಿಯಂಗೆ ಅಂಕ ಕೂಡಬೇಕು, ಹಣ್ಣು, ತರಕಾರಿ, ನಾರು, ಪ್ರೋಟೀನಿಗೆ ಕಳೆಯಬೇಕು. ತಿನಿಸಿಗೆ 4, ಪಾನೀಯಕ್ಕೆ 1 ಅಂಕ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ನಿರ್ಬಂಧಕ್ಕೆ ಒಳಪಡುತ್ತದೆ. ಇದರ ಆಧಾರದ ಮೇಲೆ ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2007ರಿಂದ 2009ರೊಳಗೆ ಹಂತಹಂತವಾಗಿ ಮಕ್ಕಳ ಟಿವಿ ಕಾರ್ಯಕ್ರಮಗಳಿಂದ ಇಂಥ ಜಾಹೀರಾತನ್ನು ತೆಗೆಸಿತು. 2017ರ ಜುಲೈಯಲ್ಲಿ ಮುದ್ರಣ, ಆನ್‌ಲೈನ್, ಬೀದಿ ಫಲಕಗಳಿಗೂ ನಿಯಮ ಬಂತು: ನೋಡುಗರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ 16ರೊಳಗಿನವರಾದರೆ ಹಾಕುವಂತಿಲ್ಲ. ಪ್ರಾಥಮಿಕ ಶಾಲೆಯೊಂದರ ಹತ್ತಿರದ ಫೋನ್ ಬೂತಿನ ಮೇಲಿದ್ದ ಕೆಎಫ್‌ಸಿ ಪಾನೀಯದ ಜಾಹೀರಾತು 2018ರಲ್ಲಿ ಈ ನಿಯಮಕ್ಕೆ ಸಿಕ್ಕಿಬಿತ್ತು. ಎರವಲು ತಂದ ಕಾರ್ಟೂನ್ ಪಾತ್ರಗಳನ್ನು ಚಿಕ್ಕ ಮಕ್ಕಳಿಗಾಗಿ ಬಳಸುವುದಕ್ಕೆ ತಡೆಯಿದೆ. ಕಂಪನಿಯೇ ಸೃಷ್ಟಿಸಿಕೊಂಡ ಕೆಲಾಗ್ಸ್‌ನ ಹುಲಿಯಂಥ ಪಾತ್ರಗಳಿಗೆ ಆ ತಡೆಯಿಲ್ಲ!

ಹೌನ್ಸ್ಲೋದ ಮಕ್ಕಳಿಗೆ ಎದ್ದು ಕಾಣುವಂಥ ಬದಲಾವಣೆ ಬಂದದ್ದು 2019ರ ಫೆಬ್ರುವರಿ 25ರಂದು. ಲಂಡನ್ನಿನಲ್ಲಿ ಶಾಲಾ ಮಕ್ಕಳಿಗೆ ಜಿಪ್ ಆಯ್ಸ್ಟರ್ ಕಾರ್ಡಿದ್ದರೆ ಬಸ್ ಪ್ರಯಾಣ ಉಚಿತ. ಮೂರೂವರೆಗೆ ಶಾಲೆ ಬಿಟ್ಟ ಮೇಲೆ ಹೌನ್ಸ್ಲೋ ಹೈ ಸ್ಟ್ರೀಟ್ ದಿಕ್ಕಿನ ಬಸ್ಸುಗಳ ಮೇಲಂತಸ್ತು ಸಮವಸ್ತ್ರಗಳಿಂದ ತುಂಬುತ್ತದೆ. ಆ ಬಸ್ಸು, ತಂಗುದಾಣ, ಪಿಕಡಿಲಿ ಮಾರ್ಗದ ನಿಲ್ದಾಣ ಎಲ್ಲದರಿಂದಲೂ ಮೇಯರ್ ಸಾದಿಕ್ ಖಾನ್ ಇಂಥ ಜಾಹೀರಾತನ್ನು ತೆಗೆಸಿದರು. ಅಂಕಪದ್ಧತಿ ಕುರುಡು ಎಂಬುದೂ ಬೇಗ ಗೊತ್ತಾಯಿತು. ರೈತರಿಂದ ನೇರವಾಗಿ ತಂದು ಮಾರುತ್ತಿದ್ದ ಫಾರ್ಮ್‌ಡ್ರಾಪ್ ಕಂಪನಿಯ ಚಿತ್ರದಲ್ಲಿ ಬೆಣ್ಣೆ, ಬೇಕನ್, ಜಾಮ್ ಇದ್ದವೆಂದು ಅದನ್ನು ನಿರಾಕರಿಸಲಾಯಿತು. 2024ರಲ್ಲಿ ಹಾಸ್ಯಗಾರ ಎಡ್ ಗ್ಯಾಂಬಲ್ ತಮ್ಮ ಕಾರ್ಯಕ್ರಮದ ಪೋಸ್ಟರಿನಲ್ಲಿದ್ದ ಹಾಟ್ ಡಾಗ್ ತೆಗೆದು ಅಲ್ಲಿ ಸೌತೆಕಾಯಿ ಇಡಬೇಕಾಯಿತು. ನಗಲು ಇಷ್ಟು ಸಾಕಾದರೂ ಫಲಿತಾಂಶ ನಗುವಂಥದ್ದಲ್ಲ. ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನ ಸಂಶೋಧಕರು 2022ರಲ್ಲಿ ಅಂದಾಜಿಸಿದಂತೆ, ನಿಷೇಧವಿಲ್ಲದಿದ್ದರೆ ಕೊಳ್ಳುತ್ತಿದ್ದುದಕ್ಕಿಂತ ಪ್ರತಿ ಮನೆ ಸರಾಸರಿ ವಾರಕ್ಕೆ ಸುಮಾರು 1,000 ಕ್ಯಾಲೊರಿಯಷ್ಟು ಕಡಿಮೆ ಕೊಬ್ಬು-ಉಪ್ಪು-ಸಕ್ಕರೆಯ ತಿನಿಸನ್ನು ಕೊಂಡಿತು.

ಬಸ್ಸಿನಿಂದ ಇಳಿದ ಮೇಲೆ ಕತೆ ಬೇರೆ. ಖಾಸಗಿ ಜಾಗದ ಹೋರ್ಡಿಂಗ್ ಮೇಯರ್ ಅಧಿಕಾರಕ್ಕೆ ಸೇರಿದ್ದಲ್ಲ. ಬೀದಿಯ ಚಿಕನ್ ಅಂಗಡಿಗಂತೂ ಜಾಹೀರಾತಿನ ಬಜೆಟ್ಟೇ ಬೇಡ. ಕೆಂಪು-ಹಳದಿ ಬೋರ್ಡು, ಗಾಜಿಗೆ ಅಂಟಿಸಿದ ಅಗ್ಗದ ದರದ ಊಟದ ಚಿತ್ರ, ಹೊರಗೆ ತೂರುವ ಕರಿದ ಎಣ್ಣೆಯ ವಾಸನೆಯೇ ಸಾಕು. ಆ ಅಂಗಡಿಗಳ ಡಬ್ಬಿಯನ್ನು ಹದಿಹರೆಯದವರು ಓದುತ್ತಾರೆಂಬ ನಂಬಿಕೆ ಸರ್ಕಾರಕ್ಕೇ ಇತ್ತು: 2019ರಲ್ಲಿ ಗೃಹ ಇಲಾಖೆ ಚಾಕು ಹಿಡಿಯಬೇಡಿ ಎಂಬ ಸಂದೇಶವನ್ನು 3 ಲಕ್ಷಕ್ಕೂ ಹೆಚ್ಚು ಚಿಕನ್ ಡಬ್ಬಿಗಳ ಮೇಲೆ ಅಚ್ಚು ಹಾಕಿಸಿತು. ನಗರದ ಬೆಳವಣಿಗೆಯ ನೀಲನಕ್ಷೆಯಾದ 2021ರ ಲಂಡನ್ ಯೋಜನೆ ಶಾಲೆಗಳಿಂದ 400 ಮೀಟರ್ ನಡಿಗೆಯೊಳಗೆ ಹೊಸ ಟೇಕ್‌ಅವೇಗೆ ಅನುಮತಿ ಬೇಡವೆಂದಿದೆ. ಇರುವ ಅಂಗಡಿಗಳು ಇದ್ದಲ್ಲೇ ಇವೆ.

2026ರ ಜನವರಿ 5ರಿಂದ ದೇಶವ್ಯಾಪಿ ಕಾನೂನು ಜಾರಿಯಾಗಿದೆ: ರಾತ್ರಿ 9ರ ಮೊದಲು ಟಿವಿಯಲ್ಲಿ ಇಂಥ ತಿನಿಸಿನ ಜಾಹೀರಾತಿಲ್ಲ, ಹಣ ಕೊಟ್ಟು ಹಾಕಿಸುವ ಆನ್‌ಲೈನ್ ಜಾಹೀರಾತು ಯಾವ ಹೊತ್ತಿನಲ್ಲೂ ಇಲ್ಲ. ಬರೋದೊಳಗೇ, ಆಸ್ಟರ್ಲಿಯಲ್ಲಿ ಮುಖ್ಯ ಕಚೇರಿಯಿರುವ ಸ್ಕೈ ಟಿವಿಯೂ ಇದಕ್ಕೆ ಒಳಪಟ್ಟದ್ದು. 250ಕ್ಕಿಂತ ಕಡಿಮೆ ನೌಕರರ ಕಂಪನಿಗಳಿಗೆ ವಿನಾಯಿತಿಯಿದೆ, ಬೀದಿ ಫಲಕಗಳು ಇದರ ವ್ಯಾಪ್ತಿಯಲ್ಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಿಂಡಿ ಬೇರೆಯದು: ಗುರುತಿಸಬಹುದಾದ ಯಾವ ತಿನಿಸನ್ನೂ ತೋರಿಸದೆ ಕಂಪನಿಯ ಹೆಸರು, ಬಣ್ಣ, ರಾಗವನ್ನು ಮಾತ್ರ ತೋರಿಸಿದರೆ ತಪ್ಪಲ್ಲ. ಸ್ಟ್ಯಾನ್‌ಫರ್ಡ್‌ನ ಮಕ್ಕಳು ಸೋತದ್ದಾದರೂ ಬರಿಯ ಗುರುತಿಗೇ.

ಹೌನ್ಸ್ಲೋದ ಕನ್ನಡ ಮಕ್ಕಳು ಬೇಸಿಗೆ ರಜೆಗೆ ಬೆಂಗಳೂರಿಗೆ ಬಂದರೆ ಅವೇ ಬೋರ್ಡುಗಳು ಎದುರಾಗುತ್ತವೆ. ಭಾರತದ ಮೊದಲ ಕೆಎಫ್‌ಸಿ 1995ರಲ್ಲಿ ತೆರೆದದ್ದು ಬ್ರಿಗೇಡ್ ರಸ್ತೆಯಲ್ಲಿ; 1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಅದರ ಮೇಲೆ ನುಗ್ಗಿದ್ದರು. ಆಗಿನ ಜಗಳ ಬೀಜ, ಕೃಷಿ, ವಿದೇಶಿ ಬಂಡವಾಳದ್ದು. ಮಕ್ಕಳ ಜಾಹೀರಾತಿನ ಪ್ರಶ್ನೆ ಬಹಳ ತಡವಾಗಿ ಎದ್ದಿತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರಿನೊಳಗೆ ಇಂಥ ತಿನಿಸಿನ ಮಾರಾಟ, ಪ್ರಚಾರ ಎರಡನ್ನೂ ತಡೆಯುತ್ತದೆ. ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಮಕ್ಕಳ ಚಾನೆಲ್ ಮತ್ತು ಮಕ್ಕಳ ಕಾರ್ಯಕ್ರಮಗಳಲ್ಲಿ ಚಿಪ್ಸ್, ಸೋಡಾದಂಥವುಗಳ ಜಾಹೀರಾತು ಬೇಡವೆನ್ನುತ್ತದೆ. ಮನೆಮಂದಿಯೆಲ್ಲ ಕೂತು ನೋಡುವ ಐಪಿಎಲ್ ಪಂದ್ಯ ಆ ಲೆಕ್ಕದಲ್ಲಿ ಮಕ್ಕಳ ಕಾರ್ಯಕ್ರಮವಲ್ಲ. ಬ್ರಿಟನ್ನಿನ 2007ರ ನಿಯಮದಲ್ಲೂ ಶನಿವಾರ ಸಂಜೆಯ ಪ್ರತಿಭಾ ಸ್ಪರ್ಧೆಗಳು ಹೀಗೆಯೇ ಹೊರಗುಳಿದಿದ್ದವು; ಅವನ್ನು ಒಳಗೆ ತಂದದ್ದು 9 ಗಂಟೆಯ ಗೆರೆ.