ವರ್ಣಲೇಖನದಲ್ಲಿ ಗುಣಕ ವಿಚಾರ

ಸಸ್ಯಶಾಸ್ತ್ರಜ್ಞನಾದ ಮಿಖಾಯಿಲ್ ತ್ಸ್ವೆಟ್ ಎಂಬಾತನು 1903ರಲ್ಲಿ ವಾರ್ಸಾ ನಗರದ ವಿದ್ವತ್ಸಭೆಯೊಂದರಲ್ಲಿ ಎಲೆಯ ವರ್ಣದ್ರವ್ಯಗಳನ್ನು ಬೇರ್ಪಡಿಸುವ ನೂತನ ವಿಧಾನವೊಂದನ್ನು ನಿರೂಪಿಸಿದನು. ನುಣುಪಾದ ಪುಡಿಯನ್ನು ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ರಸವನ್ನು ಇಳಿಯಬಿಟ್ಟರೆ, ಹಸುರು ಹಳದಿ ದ್ರವ್ಯಗಳು ಬೇರೆ ಬೇರೆ ಪಟ್ಟಿಗಳಾಗಿ ನಿಲ್ಲುವುವು. 1906ರಲ್ಲಿ ಆತನು ಇದಕ್ಕೆ, ವರ್ಣ ಮತ್ತು ಲೇಖನ ಎಂಬರ್ಥದ ಗ್ರೀಕ್ ಪದಗಳನ್ನು ಕೂಡಿಸಿ, ಕ್ರೊಮ್ಯಾಟೋಗ್ರಫಿ ಎಂದು ಹೆಸರಿಟ್ಟನು. ರಷ್ಯನ್ ಭಾಷೆಯಲ್ಲಿ ತ್ಸ್ವೆಟ್ ಎಂಬ ಪದಕ್ಕೂ ಬಣ್ಣವೆಂದೇ ಅರ್ಥ.

ಆಗ ಬೇರ್ಪಡಿಸುವುದೇ ಪ್ರಧಾನವಾಗಿದ್ದಿತು. ಅಳೆಯುವುದು ಅನಂತರ ಬೆಳೆದ ವಿದ್ಯೆ. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಎಂಬವರು ಅನಿಲ ವರ್ಣಲೇಖನವನ್ನು ಪ್ರಕಟಿಸಿದ ಮೇಲೆ, ಯಂತ್ರವು ಕಾಗದದ ಮೇಲೆ ಬರೆಯುವ ಶಿಖರಗಳ ವಿಸ್ತೀರ್ಣದಿಂದ ದ್ರವ್ಯದ ಪ್ರಮಾಣವನ್ನು ತಿಳಿಯುವ ಕ್ರಮವು ಬಳಕೆಗೆ ಬಂದಿತು. ರಸಾಯನಜ್ಞರು ಶಿಖರವನ್ನು ಕತ್ತರಿಸಿ ತಕ್ಕಡಿಯಲ್ಲಿ ತೂಗುತ್ತಿದ್ದುದೂ ಉಂಟು. ತರುವಾಯದ ಗುಣಾಕಾರವೆಲ್ಲವೂ ಕೈಬರಹದಲ್ಲಿ ದಿನಚರಿ ಪುಸ್ತಕವನ್ನು ಸೇರುತ್ತಿದ್ದಿತು. ಮುಂದೆ ವಿದ್ಯುನ್ಮಾನ ಯಂತ್ರಗಳೂ ಗಣಕಗಳೂ ಈ ಕಾರ್ಯವನ್ನು ವಹಿಸಿಕೊಂಡುವು.

ಈ ಗುಣಾಕಾರದ ಅಗತ್ಯವಾದರೂ ಏನು? ಶಿಖರವು ಕೊಳವೆಯನ್ನು ಹೊಕ್ಕ ದ್ರವದ ಸಂಗತಿಯನ್ನು ಮಾತ್ರ ಹೇಳಬಲ್ಲುದು. ಆ ದ್ರವವು ಹೇಗೆ ಸಿದ್ಧವಾಯಿತೆಂಬುದನ್ನು ಅದು ಅರಿಯದು. ಔಷಧದ ಗುಳಿಗೆಯೊಂದನ್ನು ಕರಗಿಸಿ 100 ಮಿಲಿಲೀಟರ್ ದ್ರಾವಣ ಮಾಡಿ, ಅದರಲ್ಲಿ 5 ಮಿಲಿಲೀಟರನ್ನು ತೆಗೆದು 50ಕ್ಕೆ ಹೆಚ್ಚಿಸಿದರೆಂದು ಭಾವಿಸೋಣ. ದ್ರಾವಣವು 10 ಪಟ್ಟು ಸಾರಗುಂದಿತು. ಯಂತ್ರವು ಮಿಲಿಲೀಟರಿಗೆ 0.098 ಮಿಲಿಗ್ರಾಂ ಎಂದು ತೋರಿಸಿದರೆ, ಅದನ್ನು 10ರಿಂದಲೂ 100ರಿಂದಲೂ ಗುಣಿಸಲಾಗಿ ಗುಳಿಗೆಯಲ್ಲಿ 98 ಮಿಲಿಗ್ರಾಂ ಔಷಧವಿರುವುದಾಗಿ ತಿಳಿಯುವುದು. ಗಣಕದ ತಂತ್ರಾಂಶದಲ್ಲಿ ಗುಣಕಕ್ಕೂ ಸಾರಗುಂದಿಸಿದ ಪ್ರಮಾಣಕ್ಕೂ ಪ್ರತ್ಯೇಕ ಸ್ಥಾನಗಳಿರುವುದುಂಟು. ಹತ್ತನ್ನು ಎರಡು ಕಡೆಯೂ ನಮೂದಿಸಿದರೆ ಉತ್ತರವು 980 ಆಗುವುದು. ಎಲ್ಲಿಯೂ ನಮೂದಿಸದಿದ್ದರೆ 9.8. ಮೂರು ಸಂದರ್ಭಗಳಲ್ಲಿಯೂ ಶಿಖರದ ಆಕಾರವು ಒಂದೇ. ಅದನ್ನು ನೋಡಿ ತಪ್ಪನ್ನು ಕಂಡುಹಿಡಿಯಲಾಗದು.

ಇನ್ನೊಂದು ಸೂಕ್ಷ್ಮವೂ ಇದೆ. ತಿಳಿದ ಪ್ರಮಾಣದ ಬೇರೊಂದು ದ್ರವ್ಯವನ್ನು ಆಂತರಿಕ ಮಾನಕವಾಗಿ ಮೊದಲೇ ಬೆರೆಸಿದ್ದರೆ, ಅನಂತರ ಸಾರಗುಂದಿಸಿದಾಗ ಎರಡೂ ಸಮನಾಗಿ ಕುಗ್ಗುವುವು; ಅವುಗಳ ನಿಷ್ಪತ್ತಿಯು ಬದಲಾಗದು. ಅಲ್ಲಿ ಮತ್ತೆ ಹತ್ತರಿಂದ ಗುಣಿಸುವುದು ದೋಷವೇ ಸರಿ. ಆದಕಾರಣ ಗುಣಕವು ದ್ರವ್ಯದ ಗುಣವಲ್ಲ, ಕೈಕೆಲಸದ ಚರಿತ್ರೆ ಎಂದು ತಿಳಿಯತಕ್ಕದ್ದು.

ಗ್ರಂಥಸಂಪಾದನೆಯಲ್ಲಿ ಓಲೆಯ ಪಾಠವನ್ನೂ ಸಂಪಾದಕನ ತಿದ್ದುಪಡಿಯನ್ನೂ ಬೇರೆ ಬೇರೆಯಾಗಿ ತೋರಿಸದಿದ್ದರೆ ಮುದ್ರಿತ ಪುಸ್ತಕವು ಎಷ್ಟು ಅಂದವಾಗಿದ್ದರೂ ಪ್ರಮಾಣವಾಗಲಾರದು. ಇಲ್ಲಿಯೂ ಹಾಗೆಯೇ. ಯಂತ್ರವು ಅಳೆದುದೆಷ್ಟು, ಮನುಷ್ಯನು ಗುಣಿಸಿದುದೆಷ್ಟು ಎಂಬೆರಡನ್ನೂ ಫಲಿತಾಂಶದ ಪತ್ರವು ಕಾಣಿಸಬೇಕು. ಹಳೆಯ ದಿನಚರಿ ಪುಸ್ತಕದಲ್ಲಿ ಕಣ್ಣಿಗೆ ಬೀಳುತ್ತಿದ್ದ ಆ ಗುಣಾಕಾರವು ಗಣಕದೊಳಗೆ ಮರೆಯಾದರೆ, ರೋಗಿಯ ಔಷಧದ ಅಳತೆಯೇ ಸಂಶಯಕ್ಕೆ ಒಳಗಾಗುವುದು.