ಇಜ್ರೇಲಿನ ಹಿರಿಯರು ಮತ್ತು ಹಳ್ಳಿಗುಡಿಯ ಹೊಲಗಳು

ನಾಬೋತನ ದ್ರಾಕ್ಷೇತೋಟದ ವೃತ್ತಾಂತವು ನಮ್ಮ ಪ್ರಸಂಗಪೀಠಗಳಿಗೆ ಹೊಸದಲ್ಲ. ಅರಸನಾದ ಅಹಾಬನ ಆಸೆ, ಈಜೆಬೆಲಳ ಕುಯುಕ್ತಿ, ಸುಳ್ಳುಸಾಕ್ಷಿ, ಕಲ್ಲೆಸೆತ, ಕಡೆಗೆ ಎಲೀಯನ ಖಂಡನೆ ಎಂಬ ಕ್ರಮದಲ್ಲಿ ಅದನ್ನು ವಿವರಿಸಿ, ಪ್ರವಾದಿಯ ಧೈರ್ಯವನ್ನು ಕೊಂಡಾಡಿ ಮುಗಿಸುವುದು ವಾಡಿಕೆ. ಆದರೆ ಎಲೀಯನು ಇಜ್ರೇಲಿಗೆ ಬರುವ ಹೊತ್ತಿಗೆ ನಾಬೋತನು ಸತ್ತಿದ್ದಾನೆಂಬ ಸಂಗತಿಯ ಬಳಿ ನಾವು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪ್ರವಾದಿಯ ಮಾತು ಅರಸನ ಮನೆತನಕ್ಕೆ ನ್ಯಾಯತೀರ್ಪಾಯಿತು. ನಾಬೋತನ ಜೀವವನ್ನಾಗಲಿ ಅವನ ತೋಟವನ್ನಾಗಲಿ ಅದು ಉಳಿಸಲಿಲ್ಲ. ಸಾವಿಗೆ ಮೊದಲು ಅದನ್ನು ತಡೆಯಬಲ್ಲವರು ಯಾರಿದ್ದರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಮ್ಮದೇ ನಾಡಿನ ಇತ್ತೀಚಿನ ಚರಿತ್ರೆಯ ಕೆಲವು ಪುಟಗಳನ್ನು ಓದುವುದು ಈ ಲೇಖನದ ಉದ್ದೇಶ.

ರೋಣ, ನರಗುಂದ, ಗಜೇಂದ್ರಗಡ ಇಂದು ಗದಗ ಜಿಲ್ಲೆಯ ತಾಲ್ಲೂಕುಗಳು. 1997ರವರೆಗೆ ಈ ಪ್ರದೇಶವೆಲ್ಲ ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿತ್ತು. ನರಗುಂದ ಮತ್ತು ರೋಣಗಳದು ಎರೆಭೂಮಿ. ಮಳೆಯಾದರೆ ಬೆಳೆ, ಇಲ್ಲವಾದರೆ ಬರ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಈ ನೆಲದ ರೈತರು ಬಹುಕಾಲದ ಬಾಯಾರಿಕೆ ತೀರಿತೆಂದು ನಂಬಿದರು. ನಡೆದದ್ದು ಬೇರೆ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಲಿಲ್ಲ. ನೀರು ಮುಟ್ಟಿದ ಕಡೆಗಳಲ್ಲಿ ಎರೆಮಣ್ಣು ಜವುಳಾಯಿತು. ನೆಚ್ಚಿಕೊಂಡಿದ್ದ ಹತ್ತಿಯ ಬೆಲೆ ಕುಸಿಯಿತು. ಇಷ್ಟಾದರೂ ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂಬ ಲೆಕ್ಕದ ಮೇಲೆ ವಿಧಿಸಿದ ಅಭಿವೃದ್ಧಿ ಕರವನ್ನು ಸರಕಾರವು ವಸೂಲು ಮಾಡತೊಡಗಿತು. ಬಾರದ ನೀರಿಗೆ ತೆರಬೇಕಾದ ಕರವೆಂದೇ ರೈತರು ಅದನ್ನು ಕಂಡರು.

1980ರ ಜುಲೈ 21ರಂದು ಆ ಸಂಕಟವು ಬೀದಿಗೆ ಬಂದಿತು. ನವಲಗುಂದ ಮತ್ತು ನರಗುಂದಗಳಲ್ಲಿ ರೈತರು ಸರಕಾರಿ ಕಚೇರಿಗಳ ಮುಂದೆ ನೆರೆದರು. ಪೊಲೀಸರು ಗುಂಡು ಹಾರಿಸಿದರು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪ್ರಾಣ ತೆತ್ತರು. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ನರಗುಂದದಲ್ಲಿ ಪೊಲೀಸರೂ ಸತ್ತರು. ಈ ಎರಡನೆಯ ಸಂಗತಿಯನ್ನು ಮುಚ್ಚಿಟ್ಟರೆ ನಮ್ಮ ಓದು ಪ್ರಾಮಾಣಿಕವಾಗದು. ಸತ್ತ ಪೊಲೀಸರೂ ಯಾರದೋ ಮನೆಯ ಮಕ್ಕಳೇ. ಚಳವಳಿಯು ರಾಜ್ಯವನ್ನೆಲ್ಲ ವ್ಯಾಪಿಸಿದ ಮೇಲೆ ಗುಂಡೂರಾವ್ ಸರಕಾರವು ರಿಯಾಯಿತಿಗಳನ್ನು ಪ್ರಕಟಿಸಿತು. ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿದ್ದು ಇದರ ಫಲವಾಗಿ. ಇಂದಿಗೂ ಪ್ರತಿವರ್ಷ ಜುಲೈ 21ರಂದು ರೈತರು ನರಗುಂದದ ವೀರಗಲ್ಲಿನ ಬಳಿ ಸೇರುತ್ತಾರೆ. ರೈತರ ಅಳಲು ಆಳುವವರ ಕಿವಿಗೆ ಬಿದ್ದದ್ದು ರಕ್ತ ಹರಿದ ಮೇಲೆ ಎಂಬುದನ್ನು ಆ ಕಲ್ಲು ವರ್ಷವರ್ಷವೂ ಸಾರುತ್ತದೆ.

ನಾಲ್ಕು ವರ್ಷಗಳ ತರುವಾಯ ಅದೇ ಧಾರವಾಡ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ಇನ್ನೊಂದು ಬಗೆಯ ಚಳವಳಿ ಮೊಳೆಯಿತು. ತುಂಗಭದ್ರೆಯ ದಡದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ನೀಲಗಿರಿ ಮರದಿಂದ ರೇಯಾನ್ ತಿರುಳನ್ನು ತಯಾರಿಸುತ್ತಿತ್ತು. ಅದರ ಹೊಲಸು ನದಿಗೆ ಸೇರಿ, ಕೆಳಗಿನ ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮೀನುಗಳು ಸತ್ತು ತೇಲಿದವು. ಬೆಸ್ತರ ಜೀವನ ಕೆಟ್ಟಿತು. ಕುಡಿಯುವ ನೀರೇ ರೋಗಕ್ಕೆ ಕಾರಣವಾಯಿತೆಂದು ಜನರು ದೂರಿದರು. ಎಸ್.ಆರ್. ಹಿರೇಮಠರೂ ಸಂಗಡಿಗರೂ ಕಟ್ಟಿದ ಸಮಾಜ ಪರಿವರ್ತನ ಸಮುದಾಯವು ಹಳ್ಳಿಗರನ್ನು ಸಂಘಟಿಸಿ, 1984ರ ಗಾಂಧಿ ಜಯಂತಿಯಂದು ಕಾರ್ಖಾನೆಯ ಮುಂದೆ ಪ್ರತಿಭಟನೆ ನಡೆಸಿತು. ಬಳಿಕ ನ್ಯಾಯಾಲಯದ ಬಾಗಿಲನ್ನೂ ತಟ್ಟಿತು.

ಅಷ್ಟರಲ್ಲಿ ಹೊಳೆಯ ಪ್ರಶ್ನೆಯು ನೆಲದ ಪ್ರಶ್ನೆಯಾಗಿ ಬೆಳೆಯಿತು. ಕಾರ್ಖಾನೆಗೆ ನೀಲಗಿರಿಯನ್ನು ಒದಗಿಸಲೆಂದು ಸರಕಾರವು ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು 40 ವರ್ಷಗಳ ಕಾಲ ಅದಕ್ಕೆ ವಹಿಸಲು ಒಪ್ಪಿತ್ತು. ಸರಕಾರದ ಕಾಗದಗಳಲ್ಲಿ ಅದು ಬೀಳುಭೂಮಿ. ಹಳ್ಳಿಯ ಬಡವರಿಗೆ ಅದು ದನಕರುಗಳ ಗೋಮಾಳ, ಒಲೆಯ ಸೌದೆ, ಬೇಲಿಯ ಮುಳ್ಳು. ಶಿವರಾಮ ಕಾರಂತರೇ ಮೊದಲಾದವರು ಸರ್ವೋಚ್ಚ ನ್ಯಾಯಾಲಯದಲ್ಲಿ ಇದನ್ನು ಪ್ರಶ್ನಿಸಿದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು 2,000 ಜನರು ಸೇರಿ ಸತ್ಯಾಗ್ರಹ ಹೂಡಿದರು. ಅದರ ಹೆಸರು ‘ಕಿತ್ತಿಕೊ-ಹಚ್ಚಿಕೊ’. ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲಿಯೇ ಹಣ್ಣು ಮತ್ತು ಮೇವು ಕೊಡುವ ಮರಗಳ ಸಸಿಗಳನ್ನು ನೆಟ್ಟರು. ಕಲ್ಲು ಹಾರಲಿಲ್ಲ, ಗುಂಡೂ ಹಾರಲಿಲ್ಲ. 1991ರಲ್ಲಿ ಆ ಸಂಸ್ಥೆಯು ಮುಚ್ಚಿತು.

ಯೆರೆಮೀಯನ ಕರೆಯನ್ನು ಬಲ್ಲ ಓದುಗರಿಗೆ ಈ ಹೆಸರಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ದೇವರು ಆ ಯೌವನಸ್ಥನಿಗೆ ಕೀಳುವ, ಕೆಡವುವ ಅಧಿಕಾರವನ್ನು ಕೊಟ್ಟಾಗ ಕಟ್ಟುವ, ನೆಡುವ ಹೊಣೆಯನ್ನೂ ಜೊತೆಗೂಡಿಸಿದನು. ಕುಸನೂರಿನ ರೈತರು ಆ ವಾಕ್ಯವನ್ನು ಓದಿದವರಲ್ಲ; ಆದರೂ ಬರಿಯ ಕೀಳುವಿಕೆಯು ಹಗೆತನಕ್ಕೆ ದಾರಿಯಾದೀತೆಂದೂ, ನೆಡುವ ಕೈಯೇ ಕೀಳಲು ಯೋಗ್ಯವೆಂದೂ ಅವರು ನಡೆದು ತೋರಿಸಿದರು.

ಈ ಪಾಠವು ಫಲಿಸಿದ್ದು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ. 2010ರ ಜೂನ್ ತಿಂಗಳಲ್ಲಿ ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯು ರಾಜ್ಯ ಸರಕಾರದೊಡನೆ ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತಯಾರಿಸುವ ಕಾರ್ಖಾನೆಗಾಗಿ ಒಪ್ಪಂದ ಮಾಡಿಕೊಂಡಿತು. ಅದಕ್ಕಾಗಿ ಹಳ್ಳಿಗುಡಿಯ ಸುತ್ತಿನ 3,000 ಎಕರೆಗೂ ಮಿಕ್ಕಿದ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಯತ್ನ ಮೊದಲಾಯಿತು. ಬರದ ನಾಡಿಗೆ ಉದ್ಯೋಗ ಬಂದೀತೆಂಬ ವಾದಕ್ಕೆ ಬಲವಿರಲಿಲ್ಲವೆಂದು ಹೇಳಲಾಗದು. ಹಸಿದ ಮನೆಯ ಯುವಕನಿಗೆ ಅದು ಹಗುರವಾದ ಮಾತಲ್ಲ. ಆದರೆ ಹಿರಿಯರಿಂದ ಬಂದ ಹೊಲವನ್ನು ಮಾರಲೊಲ್ಲೆವೆಂದ ರೈತರ ಬೆನ್ನಿಗೆ ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ನಿಂತರು. ಮೇಧಾ ಪಾಟ್ಕರರೂ ಬಂದರು. 2011ರ ಜುಲೈ ತಿಂಗಳಲ್ಲಿ, ನರಗುಂದದಲ್ಲಿ ಗುಂಡು ಹಾರಿದ 31 ವರ್ಷಗಳ ತರುವಾಯ, ಮುಖ್ಯಮಂತ್ರಿ ಯಡಿಯೂರಪ್ಪನವರು ಅಲ್ಲಿಯ ಭೂಸ್ವಾಧೀನವನ್ನು ಕೈಬಿಟ್ಟರು. ಹಳ್ಳಿಗುಡಿಯಲ್ಲಿ ವೀರಗಲ್ಲು ನೆಡುವ ಪ್ರಸಂಗವೇ ಬರಲಿಲ್ಲ.

ಹೋರಾಟವು ಅಲ್ಲಿಗೆ ಮುಗಿಯಲಿಲ್ಲ. ಔಷಧೀಯ ಸಸ್ಯಗಳಿಗೆ ಹೆಸರಾದ, ಗಣಿಯ ಕಣ್ಣು ಬಿದ್ದಿದ್ದ ಕಪ್ಪತಗುಡ್ಡವನ್ನು ಸರಕಾರವು 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿ, 2016ರ ನವೆಂಬರ್ ತಿಂಗಳಲ್ಲಿ ಆ ಘೋಷಣೆಯನ್ನು ಹಿಂದೆಗೆಯಿತು. ತೋಂಟದಾರ್ಯ ಮಠದ ಸ್ವಾಮಿಗಳು, ಗುಡ್ಡದ ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳು, ಹಿರೇಮಠರು, ಸಾಹಿತಿಗಳು, ಹಳ್ಳಿಗರು 2017ರ ಫೆಬ್ರುವರಿಯಲ್ಲಿ ಗದುಗಿನಲ್ಲಿ ಧರಣಿ ಕೂತರು. ಏಪ್ರಿಲ್ ತಿಂಗಳಲ್ಲಿ ಸರಕಾರವು ಘೋಷಣೆಯನ್ನು ಮರಳಿ ಜಾರಿಗೆ ತಂದಿತು. 2019ರಲ್ಲಿ ಕಪ್ಪತಗುಡ್ಡವು ವನ್ಯಜೀವಿಧಾಮವಾಯಿತು. ಸಿದ್ಧಲಿಂಗ ಸ್ವಾಮಿಗಳು ಅದನ್ನು ಕಾಣಲಿಲ್ಲ. 2018ರ ಅಕ್ಟೋಬರಿನಲ್ಲಿಯೇ ಅವರು ಲಿಂಗೈಕ್ಯರಾಗಿದ್ದರು.

‘ಬೇಡ’ ಎಂದವರು ‘ಹಾಗಾದರೆ ಏನು ಬೇಕು’ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ಈ ನೆಲದಲ್ಲಿ ಆ ಉತ್ತರವು ಹೊಸದೇನಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ರೈತರು ಸಿದ್ಧನಗೌಡ ಪಾಟೀಲರ ನೇತೃತ್ವದಲ್ಲಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ, ಸಾಹುಕಾರನ ಬಡ್ಡಿಯಿಂದ ಬಿಡುಗಡೆಯ ದಾರಿಯನ್ನು ತಾವೇ ಮಾಡಿಕೊಂಡರು. ಎರೆಹೊಲದಲ್ಲಿ ಒಡ್ಡು ಹಾಕಿ ಮಳೆನೀರನ್ನು ತಡೆಯುವುದು, ಕೃಷಿಹೊಂಡ ತೋಡುವುದು, ಊರ ಕೆರೆಯ ಹೂಳೆತ್ತುವುದು ಇವೆಲ್ಲ ಅದೇ ಪರಂಪರೆಗೆ ಸೇರಿದವು. ಉತ್ತರವು ಯಾವಾಗಲೂ ಸುಲಭವೆಂದಲ್ಲ. 2015ರ ಜುಲೈಯಿಂದ ನರಗುಂದದ ರೈತರು ಮಹದಾಯಿಯ ನೀರಿಗಾಗಿ ಧರಣಿ ಹೂಡಿದರು. ಅವರ ಬಾಯಾರಿಕೆ ನ್ಯಾಯವಾದದ್ದೇ. ಆದರೆ ಆ ನೀರನ್ನು ತಿರುಗಿಸಬೇಕಾದದ್ದು ಖಾನಾಪುರ ತಾಲ್ಲೂಕಿನ ಕಾಡುಗಳಿಂದ. ನಾಬೋತನಿಗೂ ನೆರೆಯವನೊಬ್ಬನಿರುತ್ತಾನೆ. ಅನ್ಯಾಯಕ್ಕೆ ಗುರಿಯಾದವನು ಆ ನೆರೆಯವನ ಗಡಿಕಲ್ಲನ್ನೂ ಗೌರವಿಸುವನೇ ಎಂಬಲ್ಲಿ ನ್ಯಾಯದ ಪರೀಕ್ಷೆಯಿದೆ.

ಈಗ ನಮ್ಮ ಸಭೆಯ ಕಡೆಗೆ ತಿರುಗೋಣ. ಗದುಗಿನ ನೆಲಕ್ಕೆ ನಾವು ನಿನ್ನೆ ಬಂದವರಲ್ಲ. 1841ರಲ್ಲಿಯೇ ಬಾಸೆಲ್ ಮಿಶನಿನವರು ಬೆಟಗೇರಿಯಲ್ಲಿ ನೆಲೆಯೂರಿದರು. ಅದೇ ವರ್ಷ ಮಲ್ಲಸಮುದ್ರದಲ್ಲಿ, ಕ್ರಿಸ್ತನನ್ನು ಅಂಗೀಕರಿಸಿದವರು ಉತ್ತು ಬಿತ್ತಿ ಬದುಕಲೆಂದು, ಬೇಸಾಯದ ವಸತಿಯೊಂದನ್ನು ಕಟ್ಟಲು ತೊಡಗಿದರು. ಆ ಪ್ರಯತ್ನವು ನೆಲೆಗೊಳ್ಳಲಿಲ್ಲ. ಆದರೂ ಈ ಜಿಲ್ಲೆಯಲ್ಲಿ ಸುವಾರ್ತೆಯ ಚರಿತ್ರೆಯು ನೆಲದ ಪ್ರಶ್ನೆಯೊಡನೆಯೇ ಆರಂಭವಾಯಿತೆಂಬುದು ನೆನಪಿನಲ್ಲಿಡತಕ್ಕ ವಿಷಯ. ಅದೇ ಮಿಶನ್ ಮಂಗಳೂರಿನಲ್ಲಿ 1865ರಿಂದ ಹೆಂಚಿನ ಕಾರ್ಖಾನೆ ನಡೆಸಿತು. ಅದು ಅನೇಕರಿಗೆ ಅನ್ನ ಕೊಟ್ಟಿತು. ನದಿಯ ಜೇಡಿಯನ್ನೂ ಕಾಡಿನ ಸೌದೆಯನ್ನೂ ಉಂಡಿತು. ಹೀಗಿರುವಲ್ಲಿ ಉದ್ಯಮವನ್ನೆಲ್ಲ ಪಾಪವೆಂದು ಸಾರುವ ಹಕ್ಕು ನಮಗಿಲ್ಲ. ಯಾರ ನೆಲ, ಯಾರ ನೀರು, ಯಾರ ಒಪ್ಪಿಗೆ ಎಂದು ಕೇಳುವ ಹೊಣೆಯಾದರೋ ನಮ್ಮ ಚರಿತ್ರೆಯೇ ನಮ್ಮ ಮೇಲೆ ಹೊರಿಸಿರುವಂಥದು.

ಆರಂಭದ ಪ್ರಶ್ನೆಗೆ ಮರಳೋಣ. ನಾಬೋತನ ಸಾವನ್ನು ತಡೆಯಬಲ್ಲವರು ಯಾರಿದ್ದರು? ಉತ್ತರವು ಆ ಅಧ್ಯಾಯದಲ್ಲಿಯೇ ಇದೆ. ಈಜೆಬೆಲಳ ಪತ್ರಗಳು ಸೈನಿಕರಿಗೆ ಹೋಗಲಿಲ್ಲ. ನಾಬೋತನ ಊರಿನ ಹಿರಿಯರಿಗೂ ಪ್ರಧಾನರಿಗೂ ಹೋದವು. ಉಪವಾಸವನ್ನು ಸಾರಿದವರು ಅವರು, ಸಭೆ ಕೂಡಿಸಿದವರು ಅವರು. ಕೊಲೆಯು ಧಾರ್ಮಿಕ ವಿಧಿಯ ಮರೆಯಲ್ಲಿ ನಡೆಯಿತು. ಅವರಲ್ಲಿ ಕೆಲವರಾದರೂ ‘ಇದು ನಮ್ಮಿಂದಾಗದು’ ಎಂದು ಪತ್ರವನ್ನು ಹಿಂದಕ್ಕೆ ಕಳುಹಿಸಿದ್ದರೆ ನಾಬೋತನು ಬದುಕುವ ದಾರಿಯೊಂದು ತೆರೆಯುತ್ತಿತ್ತು. ಹಳ್ಳಿಗುಡಿಯ ವಿಷಯದಲ್ಲಿ ಊರ ಹಿರಿಯರ ಸ್ಥಾನದಲ್ಲಿದ್ದ ಒಬ್ಬ ಮಠಾಧಿಪತಿಯು ಮಾಡಿದ್ದು ಇದನ್ನೇ.

ಸಭಾಪಾಲಕರಾಗಲು ಸಿದ್ಧರಾಗುತ್ತಿರುವವರು ಎಲೀಯನಾಗಬೇಕೆಂದು ಪ್ರಾರ್ಥಿಸುವುದುಂಟು. ಪ್ರವಾದಿಯ ಕರೆ ದೇವರ ಕೈಯಲ್ಲಿದೆ. ಹಿರಿಯರ ಸ್ಥಾನವಾದರೋ ದೀಕ್ಷೆಯ ದಿನವೇ ನಮಗೆ ದೊರೆಯುತ್ತದೆ. ಗ್ರಾಮಸಭೆಯಲ್ಲಿ ಕೂತು ಕೇಳುವುದು, ಭೂಸ್ವಾಧೀನದ ನೋಟಿಸನ್ನು ಓದಲಾರದವರಿಗೆ ಓದಿ ಹೇಳುವುದು, ಊರ ಹೊಳೆಯ ನೀರು ಬಣ್ಣಗೆಟ್ಟಾಗ ಮೊದಲು ದೂರು ಬರೆಯುವುದು, ಅನ್ಯಮತದ ಮಠಾಧಿಪತಿಯು ನ್ಯಾಯಕ್ಕಾಗಿ ಕೂತ ಚಾಪೆಯ ಮೇಲೆ ತಾನೂ ಹೋಗಿ ಕೂರುವುದು ಆ ಸ್ಥಾನಕ್ಕೆ ತಕ್ಕ ಕೆಲಸಗಳು. ನರಗುಂದದ ವೀರಗಲ್ಲಿನ ಮುಂದೆ ತಲೆಬಾಗುವುದು ಒಳ್ಳೆಯದು. ಇನ್ನೊಂದು ವೀರಗಲ್ಲು ಬೇಕಾಗದಂತೆ ಹೊತ್ತಿಗೆ ಸರಿಯಾಗಿ ಬಾಯಿ ತೆರೆಯುವುದು ಹಿರಿಯರ ಕರ್ತವ್ಯ.